ಮಕ್ಕಳನ್ನು ಬಿಟ್ಟುಕೊಡದ ಗಡ್ಡೆ

ಕುಂಡದಲ್ಲಿದ್ದ ಸುಗಂಧರಾಜದ ತಾಯಿಗಡ್ಡೆಗೆ ತನ್ನ ಮರಿಗಡ್ಡೆಗಳೆಂದರೆ ಪ್ರಾಣ. ಒಂದನ್ನೂ ಪಕ್ಕದಿಂದ ಕದಲಲು ಬಿಡುತ್ತಿರಲಿಲ್ಲ. ಕುಂಡ ಕಿಕ್ಕಿರಿದು ಬೇರಿಗೆ ಬೇರು ಹೆಣೆದುಕೊಂಡಿತು. ಎಲೆಗಳು ಪೊದೆಯಾಗಿ ಬೆಳೆದವೇ ಹೊರತು ಆ ವರ್ಷ ಒಂದು ಹೂವೂ ಬಿಡಲಿಲ್ಲ.

"ಅಮ್ಮಾ, ನುಸುಳಲು ನನಗೇ ಜಾಗವಿಲ್ಲ. ನಿಮ್ಮ ಮಕ್ಕಳು ಹೂ ಬಿಡುವುದಾದರೂ ಹೇಗೆ?" ಎಂದು ಎರೆಹುಳು ಕೇಳಿತು.

"ಅವಿನ್ನೂ ಎಳೆಯವು. ನಾನಿಲ್ಲದೆ ನೀರು ಕುಡಿಯಲೂ ಬಾರದು," ಎಂದಿತು ತಾಯಿ.

"ನಿಮ್ಮ ಎಳೆಯ ಮಗನ ಸೊಂಟ ನಿಮಗಿಂತ ದಪ್ಪವಾಗಿದೆ," ಎಂದು ಎರೆಹುಳು ನಕ್ಕಿತು.

ಮರುದಿನ ಮನೆಯೊಡತಿ ಕಮಲಾಕ್ಷಮ್ಮ ಕುಂಡವನ್ನು ಬೋರಲು ಹಾಕಿ, ಗಡ್ಡೆಗಳನ್ನು ಬಿಡಿಸಿ, ಕಾಂಪೌಂಡಿನುದ್ದಕ್ಕೂ ದೂರ ದೂರ ನೆಟ್ಟರು. "ಅಯ್ಯೋ, ಇನ್ನು ಅವು ಉಳಿಯುವುದಿಲ್ಲ!" ಎಂದು ತಾಯಿ ಗೋಳಾಡಿತು.

ಮಳೆಗಾಲ ಮುಗಿಯುವಷ್ಟರಲ್ಲಿ ಸಾಲಿಗೆ ಸಾಲೇ ಹೂದಂಟುಗಳು ಎದ್ದವು. ಬೀದಿಯಲ್ಲಿ ಹೋಗುವವರು ಪರಿಮಳಕ್ಕೆ ನಿಂತು ನಿಂತು ಹೋದರು.

"ಈಗೇನೆನ್ನುತ್ತೀರಿ, ಅಮ್ಮಾ?" ಎಂದಿತು ಎರೆಹುಳು.

ತಾಯಿಗಡ್ಡೆಗೆ ಒಳಗೊಳಗೇ ಹೆಮ್ಮೆ. ಆದರೂ ಸೋಲೊಪ್ಪಲು ಮನಸ್ಸಾಗಲಿಲ್ಲ. "ಹೂವೇನೋ ಬಿಟ್ಟಿವೆ. ಪಾಪ, ಎಷ್ಟು ಸೊರಗಿವೆ ನೋಡು!" ಎಂದು ಗೊಣಗಿ, ಹೊಸದಾಗಿ ಹುಟ್ಟಿದ ಮರಿಯನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡಿತು.