ಮೂರು ಊರ ಹೆಸರು, ಎರಡು ಹೆಣ

ದೊರೆ ರುಟ್ಗರ್ ಡಂಗುರ ಹೊಡೆಸಿದ: "ಡಚ್ಚರ ತಗ್ಗುನಾಡಿನ ನನ್ನ ಮೂರು ಊರುಗಳಿಗೆ ಆ ಹೆಸರುಗಳು ಯಾಕೆ ಬಂದವೆಂದು ಒಬ್ಬ ಹೇಳಿದರೂ ಸಾಕು, ಊರು ಜನರದ್ದು. ತಪ್ಪು ಹೇಳಿದವನನ್ನು ಕಲ್ಲು ಕಟ್ಟಿ ಕಾಲುವೆಗೆ ಹಾಕುತ್ತೇನೆ. ಸಂಜೆಯೊಳಗೆ ಯಾರೂ ಹೇಳದಿದ್ದರೆ ಊರೂ ನನ್ನದು, ಜನರೂ ನನ್ನ ಆಳುಗಳು."

ಉತ್ತರ ಅವನ ಅಜ್ಜ ಬರೆಸಿದ ಹಳೆಯ ಪತ್ರದಲ್ಲಿತ್ತು. ಓದು ಬಾರದ ಜನ ಅದನ್ನು ಮರೆತಿರುತ್ತಾರೆಂದು ಅವನು ನಂಬಿದ್ದ.

ಕಾಲುವೆ ದಂಡೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೇಳಿದ: "ಹೋಗ್‌ತೆರ್ಪ್ ಎಂದರೆ ಎತ್ತರದ ದಿಬ್ಬ. ಬೆಟ್ಟವೇ ಇಲ್ಲದ ಬಯಲಲ್ಲಿ ಅದು ಯಾವುದರಿಂದ ಎದ್ದಿತು? ಔಡ್‌ವೌಡೆ ಎಂದರೆ ಹಳೆಯ ಕಾಡು. ಒಂದು ಮರವೂ ಇಲ್ಲದ ಊರಿಗೆ ಆ ಹೆಸರೇಕೆ? ನ್ಯೂಕೋಪ್ ಎಂದರೆ ಹೊಸ ಕರಾರು. ಯಾರು ಏನು ಕೊಟ್ಟರು, ಏನು ಪಡೆದರು?"

ಮೊದಲು ದೊಡ್ಡವರ ಸರದಿ, ಕೆಸರಲ್ಲಿ ದುಡಿಯುವವರದು ಕೊನೆಗೆ. ಗಿರಣಿಯ ಹಾರ್ಮೆನ್ ಒಗೆದ ಅಂಗಿ ತೊಟ್ಟು ಬಂದ.

"ಒಡೆಯಾ, ನಿಮ್ಮ ಹಿರಿಯರು ಕಾಲಿಟ್ಟ ಪುಣ್ಯಕ್ಕೆ ನೆಲವೇ ಮೇಲೆದ್ದಿತು."

"ಸೊಗಸಾಗಿ ಹೇಳಿದೆ," ಎಂದು ದೊರೆ ಕೈ ಬೀಸಿದ. ಹಾರ್ಮೆನ್‌ನನ್ನು ನೀರಿಗೆ ತಳ್ಳಿದರು. ಗುಳ್ಳೆ ನಿಲ್ಲುವವರೆಗೆ ದೊರೆ ಸೇಬು ತಿಂದ.

ಸುಂಕದ ಕಟ್ಟೆಯ ಎವರ್ಟ್, ದಿಬ್ಬವನ್ನು ದೇವದೂತರು ಕಟ್ಟಿದರು ಎಂದ. ಅವನೂ ಮುಳುಗಿದ.

"ಇನ್ನೂ ಯಾರಾದರೂ ಜಾಣರಿದ್ದೀರಾ?"

ಕಾಲುವೆ ತೋಡುವ ವೀಬೆ ಮುಂದೆ ಬಂದ.

"ಕಾಲು ತೊಳೆದುಕೊಂಡು ಬಾರೋ."

"ತೊಳೆದರೆ ಉತ್ತರವೇ ಹೋಗುತ್ತದೆ, ಒಡೆಯಾ. ದಿಬ್ಬ ಎದ್ದದ್ದು ಸಗಣಿಯಿಂದ. ಸಮುದ್ರ ನುಗ್ಗಿದಾಗಲೆಲ್ಲ ನಮ್ಮವರು ಸಗಣಿ, ಬೂದಿ, ಜೇಡಿಮಣ್ಣು ಪೇರಿಸಿ ಅದರ ಮೇಲೆ ಮನೆ ಕಟ್ಟಿದರು. ಕಾಡು ಕಡಿದವರೂ ನಾವೇ. ಮರ ನಿಮ್ಮ ಒಲೆಗಳಲ್ಲಿ ಉರಿಯಿತು, ಹೆಸರು ನಮಗೆ ಉಳಿಯಿತು. ಕರಾರು ನಿಮ್ಮ ಅಜ್ಜನದು. ಅವನು ಕೊಟ್ಟದ್ದು ಜವುಗು. ನಾವು ನೀರು ಹರಿಸಿ ಹೊಲ ಮಾಡಿದೆವು. ಅದಕ್ಕೆ ಪ್ರತಿಯಾಗಿ, ನಾವು ಯಾರ ಆಳೂ ಅಲ್ಲ ಎಂದು ಬರೆದುಕೊಟ್ಟ."

"ಪತ್ರದಲ್ಲೂ ಹಾಗೇ ಇದೆ," ಎಂದ ಪತ್ರ ಹಿಡಿದು ನಿಂತಿದ್ದ ದೊರೆಯ ಗುಮಾಸ್ತ, ತಲೆ ತಗ್ಗಿಸಿ.

ಅಷ್ಟರಲ್ಲಿ ಮುನ್ನೂರು ಗುದ್ದಲಿಗಳು ಕುರ್ಚಿಯ ಸುತ್ತ ಬಂದು ನಿಂತಿದ್ದವು. ದೊರೆಗೆ ಸತ್ಯದ ಮೇಲೆ ಒಮ್ಮೆಲೇ ಗೌರವ ಬಂತು. ಮೂರೂರಿನ ಪತ್ರವನ್ನು ವೀಬೆಯ ಕೈಗಿಟ್ಟ.

ಜನ ವೀಬೆಯನ್ನು ಹೆಗಲ ಮೇಲೆ ಹೊತ್ತರು. ಹಾರ್ಮೆನ್‌ನ ಹೆಂಡತಿ ಆಲ್ಟಿಯೆ ಅಡ್ಡ ನಿಂತಳು.

"ನಿನಗೆ ಗೊತ್ತಿತ್ತಲ್ಲೋ! ನನ್ನ ಗಂಡನಿಗೊಂದು ಮಾತು ಹೇಳಬಾರದಿತ್ತೇ?"

ವೀಬೆ ಕೆಳಗಿಳಿದ.

"ಬೆಳಿಗ್ಗೆಯೇ ಹೇಳಿದ್ದೆ, ಅಕ್ಕಾ. ದೊರೆಯ ಎದುರು ಸಗಣಿ ಅನ್ನಲು ನಾಚಿಕೆ ಅಂದ."