ತವರಿಗೆ ಹೊರಟ ಜಾಜಿಬಳ್ಳಿ

ಹೂ ಮಾರಿ ಬದುಕುವ ಚೆನ್ನಾಜಮ್ಮ ನೆಟ್ಟ ಜಾಜಿಬಳ್ಳಿ ಬೇಲಿ ದಾಟಿ, ಪಕ್ಕದ ಮನೆಯ ಶಿರಸ್ತೇದಾರ ನಂಜರಾಜಯ್ಯನವರ ಚಪ್ಪರಕ್ಕೆ ಹಬ್ಬಿತು. ಮೊದಲ ಸಲ ಮೈತುಂಬ ಮೊಗ್ಗು ಬಿಟ್ಟಿದ್ದೂ ಅಲ್ಲೇ.

ಬಿಡಿಸಿಕೊಳ್ಳಲು ಹೋದವಳನ್ನು ಶಿರಸ್ತೇದಾರರು ಗೇಟಿನಲ್ಲೇ ತಡೆದರು. "ನೋಡಮ್ಮ, ಈ ಬಳ್ಳಿ ಈಗ ನಮ್ಮನೆ ಸೊಸೆ. ಸೊಸೆ ಗಂಡನ ಮನೆ ಸೇರಿದ ಮೇಲೆ ತವರಿನವರಿಗೆ ಏನು ಹಕ್ಕು? ಮೊಗ್ಗು ಮುಟ್ಟಿದರೆ ಪೊಲೀಸರನ್ನ ಕರೆಸ್ತೀನಿ."

ಚೆನ್ನಾಜಮ್ಮ ಬಿಡುವ ಪೈಕಿಯಲ್ಲ. ತುಸು ಹೊತ್ತಿಗೆಲ್ಲ ಬೀದಿಯ ಹೆಂಗಸರನ್ನು ಕಟ್ಟಿಕೊಂಡು, ತಟ್ಟೆಯಲ್ಲಿ ಹಸಿರು ಬಳೆ, ಮಡಿಲಕ್ಕಿ ಹಿಡಿದು, ಸೋಬಾನೆ ಹಾಡುತ್ತ ಬಂದಳು. ದಾರಿಯಲ್ಲಿದ್ದ ಎಮ್ಮೆಗಳೂ ಹಿಂದೆಯೇ ಬಂದವಂತೆ.

"ಏನಿದು ಗಲಾಟೆ?" ಎಂದರು ಶಿರಸ್ತೇದಾರರು.

"ನೀವೇ ಸೊಸೆ ಅಂದಿರಲ್ಲ ಬುದ್ಧಿ. ಹುಡುಗಿ ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಕರ್ಕೊಂಡು ಹೋಗೋಕೆ ಬಂದಿದ್ದೀವಿ."

ಅವರು ಬಾಯಿ ತೆರೆಯುವ ಮೊದಲೇ ಒಳಗಿಂದ ಅವರ ಮುದಿ ತಾಯಿ ಗದರಿದರು. "ಲೋ ನಂಜ, ಚೊಚ್ಚಲ ಬಸುರೀನ ತಡೀತೀಯಾ? ನಿನ್ನನ್ನ ನಾನು ಎಲ್ಲಿ ಹೆತ್ತೆ ಅಂದ್ಕೊಂಡೆ? ದಾರಿ ಬಿಡು."

ಹೆಂಗಸರು ಬಳ್ಳಿಗೆ ಬಳೆ ತೊಡಿಸಿ, ಮೆಲ್ಲಗೆ ಸುರುಳಿ ಬಿಡಿಸಿ, ಚೆನ್ನಾಜಮ್ಮನ ಚಪ್ಪರಕ್ಕೆ ಹಬ್ಬಿಸಿದರು.

ಶಿರಸ್ತೇದಾರರು ಬೇಲಿಯಾಚೆಯಿಂದ ಕೇಳಿದರು, "ಸೊಸೇನ ವಾಪಸ್ ಯಾವಾಗ ಕಳಿಸ್ತೀಯ?"

"ಬಾಣಂತನ ಮುಗೀಲಿ ಬುದ್ಧಿ," ಎಂದಳು ಚೆನ್ನಾಜಮ್ಮ, ಮೊಗ್ಗು ಬಿಡಿಸುತ್ತ. "ಆದ್ರೆ ನಿಮ್ಮ ಸೊಸೆ ದಿನಾ ಹೆರ್ತಾಳಲ್ಲ, ನಾನೇನು ಮಾಡಲಿ?"