ಬಾರದವರನ್ನು ಕಂಡ ಕಾರಭಾರಿ

ಪೂಜ್ಯ ಸಾತವ್ವ ತಾಯಿಯವರಿಗೆ ಮಠವಿರಲಿಲ್ಲ, ಗದ್ದುಗೆಯಿರಲಿಲ್ಲ. ಕೋಡಿಹಾಳ ಪೇಟೆಯ ಪಾಳುಬಿದ್ದ ಸುಂಕದ ಕಟ್ಟೆಯೇ ಅವರ ವಾಸಸ್ಥಾನ. ಮುಂಜಾನೆ ಓಣಿ ಓಣಿ ತಿರುಗಿ ಬೇಡಿ ತಂದದ್ದನ್ನು ಹಸಿದವರಿಗೆ ಹಂಚಿ, ಉಳಿದರೆ ತಾವು ಪ್ರಸಾದವೆಂದು ಸ್ವೀಕರಿಸುತ್ತಿದ್ದರು.

ಒಂದು ಬೇಸಿಗೆಯ ಸಂತೆಯ ದಿನ ತಾಯಿಯವರು ದೊಡ್ಡ ಬಾವಿಯ ಹಗ್ಗವನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕುಳಿತುಬಿಟ್ಟರು. ಕೊಡ ಹಿಡಿದು ಬಂದವರನ್ನೆಲ್ಲ ಕೈಯಡ್ಡ ಮಾಡಿ ತಡೆದರು. ಬಿಸಿಲೇರಿತು. ಎತ್ತುಗಳು ನಾಲಿಗೆ ಚಾಚಿದವು. ಜನ ರೊಚ್ಚಿಗೆದ್ದರು; ಯಾರೋ ಕಲ್ಲನ್ನೂ ಎತ್ತಿಕೊಂಡರು.

ಸುದ್ದಿ ತಿಳಿದು ಸಂಸ್ಥಾನದ ಕಾರಭಾರಿ ವಾಮನರಾಯರು ಸಿಪಾಯಿಗಳೊಡನೆ ಧಾವಿಸಿದರು. ರಾಯರು ಕೆಟ್ಟವರಲ್ಲ. ಆದರೆ ಬಾಗಿಲಿಗೆ ಬಂದು ನಿಂತವರ ಮಾತಿನಲ್ಲೇ ಅವರ ದಿನ ಮುಗಿದುಹೋಗುತ್ತಿತ್ತು. ಸಂತೆ ಬಯಲಿಗೆ ಕಲ್ಲು ಹಾಸಬೇಕೆಂದು ವ್ಯಾಪಾರಿಗಳು ನಿತ್ಯ ಬಂದು ಕೂರುತ್ತಿದ್ದರು. ಅದಕ್ಕೆ ಹಣ ಮಂಜೂರಾಗಿತ್ತು. ಕಂಬಳಿ ನೇಯುವವರು ತಮ್ಮ ಓಣಿಯ ಗಟಾರ ಒಡೆದಿದೆಯೆಂದು ಒಮ್ಮೆ ಹೇಳಿ ಹೋಗಿದ್ದರು; ಅದು ಮರೆತೇ ಹೋಗಿತ್ತು.

“ಸಾಹೇಬ್ರ, ಈಕೀನ ಎಬ್ಬಸ್ರಿ! ಸಂತಿ ಹಾಳಾತು” ಎಂದು ವ್ಯಾಪಾರಿ ಬಣಗಾರ ರಾಚಪ್ಪ ಕೂಗಿದ.

“ಅವ್ವಾರ, ಹಗ್ಗ ಕೊಡ್ರಿ. ಇಷ್ಟು ಮಂದಿ ನೀರಡಿಸಿ ನಿಂತದ್ದು ಕಾಣೂದಿಲ್ಲೇನು?” ಎಂದರು ರಾಯರು.

ತಾಯಿಯವರು ಕಣ್ಣೆತ್ತಿದರು. “ಬಂದವರನ್ನ ನೋಡೀಯಪ್ಪಾ. ಬರದವರನ್ನ ನೋಡು.”

ಸಿಪಾಯಿ ತಾಯಿಯವರ ತೋಳಿಗೆ ಕೈಚಾಚಿದ್ದ. ರಾಯರ ದೃಷ್ಟಿ ಸಂತೆಯತ್ತ ಹೊರಳಿತು. ಪ್ರತಿ ಸಂತೆಗೂ ಬೇವಿನ ಮರದ ಕೆಳಗೆ ಬೀಳುತ್ತಿದ್ದ ಕಂಬಳಿಯ ರಾಶಿ ಇಂದು ಇಲ್ಲ. ಕಂಬಳಿ ನೇಯುವವರ ಓಣಿಯಿಂದ ಒಂದು ನರಪಿಳ್ಳೆಯೂ ಬಂದಿಲ್ಲ.

“ಮುಟ್ಟಬ್ಯಾಡ ಅವರನ್ನ!” ಎಂದು ಸಿಪಾಯಿಯನ್ನು ಗದರಿಸಿ ರಾಯರು ಓಣಿಯತ್ತ ಓಡಿದರು.

ಮಗ್ಗಗಳ ಸದ್ದಿರಲಿಲ್ಲ. ಬಾಗಿಲು ನೂಕಿದ ಮನೆಗಳಲ್ಲೆಲ್ಲ ವಾಂತಿಭೇದಿಯಿಂದ ಮಲಗಿದವರು, ಕೆಲವರು ಆಗಲೇ ತಣ್ಣಗಾದವರು. ರಾಯರು ಒಂದು ಮನೆಯ ಹೊಸ್ತಿಲಲ್ಲಿ ನಿಂತರು. “ಚಾವಡಿಗೆ ಬಂದು ಒಂದು ಮಾತು ಹೇಳಬಾರದಿತ್ತೇನು?” ಎಂದರು.

ಗೋಡೆಗೊರಗಿದ್ದ ಹೆಂಗಸೊಬ್ಬಳು ಕಣ್ಣು ತೆರೆದಳು. “ಹೇಳಾಕ ಬರಬೇಕಂದ್ರ ಏಳಾಕರ ಆಗಬೇಕಲ್ರೀ ಎಪ್ಪಾ?”

ಒಡೆದ ಗಟಾರದ ನೀರು ಇಳಿಜಾರು ಹಿಡಿದು ಹರಿಯುತ್ತಿತ್ತು. ರಾಯರು ಅದರ ಜಾಡಿನಲ್ಲೇ ನಡೆದರು. ಅದು ದೊಡ್ಡ ಬಾವಿಯ ಹಿಂಗೋಡೆಯ ಬಿರುಕಿನೊಳಗೆ ಇಂಗುತ್ತಿತ್ತು.

“ಬಾವಿ ಮುಚ್ಚಿತು, ಸಂತಿ ಮುಗೀತು!” ಎಂದು ರಾಯರು ಸಾರಿದರು. ನದಿಯಿಂದ ಬಂಡಿಗಳಲ್ಲಿ ನೀರು ತಂದು ಕಾಯಿಸಿಯೇ ಕೊಡಬೇಕೆಂದರು. ಕಲ್ಲುಹಾಸಿನ ಹಣ ಗಟಾರಕ್ಕೂ ಔಷಧಕ್ಕೂ ಎಂದರು. ರಾಚಪ್ಪ ನಡುಬೀದಿಯಲ್ಲೇ ಶಪಿಸಿದ. “ಬೈರಿ ರಾಚಪ್ಪ, ಆದರ ಈ ನೀರು ಕುಡೀಬ್ಯಾಡ್ರಿ” ಎಂದಷ್ಟೇ ಹೇಳಿ ರಾಯರು ತಾಯಿಯವರ ಪಾದಕ್ಕೆ ಬಿದ್ದರು.

“ತಾಯೀ, ಇಷ್ಟು ಹತ್ತಿರ ಇದ್ದದ್ದು ನನಗ್ಯಾಕ ಕಾಣಲಿಲ್ಲ?”

ತಾಯಿಯವರು ಅವರನ್ನು ಹಿಡಿದೆಬ್ಬಿಸಿದರು. ನದಿಯ ನೀರು ಬಂದು ಕಾದು ಆರಿದ ಮೇಲೆ ಕೊಡವೊಂದನ್ನು ರಾಯರ ಹೆಗಲಿಗೇರಿಸಿ ಆ ಓಣಿಯತ್ತ ಮುಂದೆ ನಡೆದರು. ಮೊದಲ ಮನೆಯಲ್ಲಿ ರಾಯರು ಮುದುಕನೊಬ್ಬನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಟುಕು ಗುಟುಕಾಗಿ ನೀರು ಹನಿಸಿ ಹೆಸರು ಕೇಳಿದರು. ಮುದುಕನ ತುಟಿ ಅಲುಗಿತು, ದನಿ ಹೊರಡಲಿಲ್ಲ. ರಾಯರು ಬಾಗಿ ಮುದುಕನ ಬಾಯಿಗೆ ಕಿವಿಯಿಟ್ಟು ಮತ್ತೊಮ್ಮೆ ಕೇಳಿದರು.